ಪಿಂಚಣಿ ಬರುವ ಖಾತೆಗೆ ಬೇರೆ ದುಡ್ಡು ಹಾಕಬೇಡಿ

ಡಿಸೆಂಬರ್ ಮೊದಲ ವಾರ. ಕಾಫಿ ಕುಯ್ಲು ನಡೆದಿತ್ತು. ಆಳುಗಳಿಗೆ ಬಟವಾಡೆ ಮಾಡಬೇಕು ಅಂತ ಅಪ್ಪ ಸೋಮವಾರಪೇಟೆಯ ಎಟಿಎಂಗೆ ಹೋದರು. ದುಡ್ಡು ಬರಲಿಲ್ಲ. ನವೆಂಬರಿನಲ್ಲಿ ಕೊಟ್ಟ ಜೀವಿತ ಪ್ರಮಾಣಪತ್ರದಲ್ಲಿ ಏನೋ ತಪ್ಪಾಗಿ ಪಿಂಚಣಿ ನಿಂತಿರಬೇಕು ಅಂದುಕೊಂಡೆವು. ಬ್ಯಾಂಕಿಗೆ ಹೋದಾಗ ವಿಷಯ ಗೊತ್ತಾಯಿತು. ಪಿಂಚಣಿ ಬಂದಿದೆ, ಆದರೆ ಕೋರ್ಟ್ ಆದೇಶದಂತೆ ಖಾತೆ ಜಪ್ತಿಯಾಗಿದೆ.

ಅಪ್ಪ ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು. ಯಾರ ಹತ್ತಿರವೂ ಸಾಲ ಮಾಡಿದವರಲ್ಲ. ಮಾದಾಪುರ ಕಡೆಯ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕಿದ್ದರು, ಅಷ್ಟೇ. 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡದ ಬರೆ ಜರಿದು ಅವರ ಅರ್ಧ ತೋಟವೇ ಹೋಯಿತು. ಕಂತು ನಿಂತಿತು. ಅವರನ್ನು ನಾನು ಬೈಯುವುದಿಲ್ಲ. ಆ ಮಳೆ ಕಂಡವರು ಯಾರೂ ಬೈಯಲಾರರು. ಆದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಅನ್ನುತ್ತದೆ ಕಾನೂನು. ಮೊದಲು ಅವರಿಂದ ವಸೂಲಿ ಮಾಡಿ, ಆಗದಿದ್ದರೆ ಮಾತ್ರ ನಮ್ಮ ಬಾಗಿಲಿಗೆ ಬರುತ್ತಾರೆ ಅಂತ ನಂಬಿ ಕೂರಬೇಡಿ.

ಕೋರ್ಟಿನ ಕವರ್ ಹಿಂದೆಯೇ ಬಂದಿತ್ತಂತೆ. 'ಸಾಲ ನನ್ನದಲ್ಲ' ಅಂತ ಅಪ್ಪ ಅದನ್ನು ಪೋಸ್ಟ್‌ಮ್ಯಾನ್ ಕೈಯಲ್ಲೇ ವಾಪಸ್ ಕಳಿಸಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಕವರಿನಲ್ಲಿದ್ದದ್ದು ಸಮನ್ಸ್, ಅಂದರೆ ಹಾಜರಾಗಿ ಅನ್ನುವ ಕೋರ್ಟಿನ ಕರೆ. ಬೇಡ ಅಂತ ತಿರುಗಿಸಿದರೂ ಅದು ಕೈಗೆ ಬಂದ ಹಾಗೇ ಲೆಕ್ಕ. ಅಪ್ಪ ಹಾಜರಾಗಲಿಲ್ಲ, ಡಿಕ್ರಿ (ಸಾಲ ಕಟ್ಟಿ ಅನ್ನುವ ಕೋರ್ಟಿನ ತೀರ್ಪು) ಆಯಿತು, ಅದರ ಹಿಂದೆಯೇ ಜಪ್ತಿ.

ಮಡಿಕೇರಿಯ ವಕೀಲರು ಹೇಳಿದ ಮೇಲೆ ನಮಗೆ ಸ್ವಲ್ಪ ಜೀವ ಬಂತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸರ್ಕಾರಿ ಪಿಂಚಣಿಯನ್ನು ಇಂಥ ಸಾಲಕ್ಕೆ ಜಪ್ತಿ ಮಾಡುವಂತಿಲ್ಲ. ಸಂಬಳವಾದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ. ನಿವೃತ್ತಿಯ ದುಡ್ಡನ್ನು ಎಫ್‌ಡಿ ಇಟ್ಟರೂ ಈ ರಕ್ಷಣೆ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಹಾಗಾದರೆ ನಮ್ಮ ಖಾತೆ ಯಾಕೆ ನಿಂತಿತು? ಯಾವುದು ಪಿಂಚಣಿ, ಯಾವುದು ಬೇರೆ ದುಡ್ಡು ಅಂತ ಕೋರ್ಟಿಗೆ ಯಾರೂ ಹೇಳಿರಲಿಲ್ಲ. ಬ್ಯಾಂಕಿನವರು ಆದೇಶ ಬಂದ ತಕ್ಷಣ ಇಡೀ ಖಾತೆ ತಡೆಹಿಡಿದರು. ಹೇಳಬೇಕಾದವರು ನಾವೇ.

ವಕೀಲರು ಕೇಳಿದ ಮೊದಲ ಪ್ರಶ್ನೆ: 'ಈ ಖಾತೆಗೆ ಪಿಂಚಣಿ ಬಿಟ್ಟು ಬೇರೇನು ಬರುತ್ತೆ?' ಅಪ್ಪ ತಲೆ ತಗ್ಗಿಸಿದರು. ಕಾಫಿ ಮಾರಿದ ದುಡ್ಡು, ಕರಿಮೆಣಸಿನ ದುಡ್ಡು, ಅಕ್ಕ ಮಗಳ ಹಾಸ್ಟೆಲ್ ಫೀಸಿಗೆ ಕಳಿಸಿದ್ದು, ಎಲ್ಲವೂ ಅದರಲ್ಲೇ ಇತ್ತು. ಮೂರು ರಾತ್ರಿ ಕೂತು ಪಾಸ್‌ಬುಕ್ಕಿನಲ್ಲಿ ಪಿಂಚಣಿಯ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದೆ. ಪಿಂಚಣಿ ಆದೇಶದ ನಕಲು, ಪಾಸ್‌ಬುಕ್ಕಿನ ನಕಲು ಸೇರಿಸಿ ಕೋರ್ಟಿಗೆ ಅರ್ಜಿ ಹಾಕಿದೆವು. ಪಿಂಚಣಿ ಕೈಗೆ ಬರುವ ಹೊತ್ತಿಗೆ ಕುಯ್ಲು ಮುಗಿದಿತ್ತು. ಕಾಫಿ ದುಡ್ಡು ಮಾತ್ರ ಸಾಲಕ್ಕೇ ಹೋಯಿತು. ಖಾತೆ ಅಮ್ಮನ ಹೆಸರಲ್ಲೂ ಇತ್ತು. ಅಷ್ಟು ದಿನ ಅಮ್ಮನ ಬಿಪಿ ಮಾತ್ರೆಗೂ ಪಕ್ಕದ ಮನೆಯಲ್ಲಿ ಕೈಗಡ ತಂದೆವು. ಅದನ್ನು ನೆನೆದರೆ ಈಗಲೂ ಸಂಕಟ.

ಆಗ ಕೆಲವರು, ಮುಂದೆ ಬರುವ ದುಡ್ಡನ್ನು ನೆಂಟರ ಖಾತೆಗೆ ಸಾಗಿಸಿಬಿಡಿ ಅಂದರು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಸಾಲ ಕೊಟ್ಟವರನ್ನು ತಪ್ಪಿಸಲು ಆಸ್ತಿ ಸಾಗಿಸಿದರು ಅಂತ ಕೋರ್ಟ್ ಅದನ್ನೇ ನಿಮ್ಮ ಮೇಲೆ ತಿರುಗಿಸಬಹುದು.

ನಮ್ಮ ಕೊಡಗಿನಲ್ಲಿ ಮನೆಗೊಬ್ಬರಂತೆ ಮಾಜಿ ಸೈನಿಕರಿದ್ದಾರೆ. ನಿಮ್ಮ ಅಪ್ಪನ, ಮಾವನ ಪಾಸ್‌ಬುಕ್ ಇವತ್ತೇ ತೆಗೆದು ನೋಡಿ. ಪಿಂಚಣಿ ಜೊತೆ ತೋಟದ ದುಡ್ಡೂ ಬೀಳುತ್ತಿದ್ದರೆ ಅದಕ್ಕೆ ಬೇರೆ ಖಾತೆ ಮಾಡಿಸಿ. ಹಿಂದೆ ಯಾರಿಗಾದರೂ ಜಾಮೀನು ಹಾಕಿದ್ದಾರಾ ಅಂತ ಕೇಳಿ. ತಾವಾಗಿ ಹೇಳುವವರು ಕಡಿಮೆ. ಕೋರ್ಟ್ ಕವರ್ ಬಂದರೆ ಸಹಿ ಹಾಕಿ ತೆಗೆದುಕೊಳ್ಳಿ, ಅದರಲ್ಲಿರುವ ತಾರೀಖಿಗೆ ಹಾಜರಾಗಿ. ಗೊತ್ತಿಲ್ಲದೆ ಡಿಕ್ರಿ ಆಗಿದ್ದರೆ ಗೊತ್ತಾದ ದಿನವೇ ವಕೀಲರನ್ನು ಕಾಣಿ, ಅದನ್ನು ರದ್ದು ಮಾಡಿ ಅಂತ ಕೇಳಲು ಇರುವುದು 30 ದಿನ ಮಾತ್ರ. ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರಬೇಡಿ. ಕೋರ್ಟ್ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.