ಒಂದೇ ಸ್ಲೈಡು ಹತ್ತು ಕಡೆ: ತರಬೇತಿ ಸಾಮಗ್ರಿಗೆ ಗೂಗಲ್ ಸ್ಲೈಡ್ಸ್, ವರ್ಷಗಟ್ಟಲೆ ಬಳಸಿದ ಮೇಲೆ

ಹನಿ ನೀರಾವರಿ ಸಾಮಗ್ರಿ ಮಾರುವ ಕಂಪನಿಯಲ್ಲಿ ಡೀಲರುಗಳಿಗೂ ರೈತರಿಗೂ ತರಬೇತಿ ಸಾಮಗ್ರಿ ಮಾಡಿಕೊಡುವುದು ನನ್ನ ಕೆಲಸ. ಫಿಲ್ಟರ್ ತೊಳೆಯುವುದು, ವೆಂಚುರಿಯಲ್ಲಿ (ಗೊಬ್ಬರದ ನೀರನ್ನು ಪೈಪಿಗೆ ಎಳೆದುಕೊಳ್ಳುವ ಸಾಧನ) ಗೊಬ್ಬರ ಬಿಡುವುದು, ಗಿಡದ ಸಾಲಿನುದ್ದಕ್ಕೆ ಹಾಯುವ ಲ್ಯಾಟರಲ್ ಪೈಪಿನ ಕೊನೆ ಬಿಚ್ಚಿ ಕಸ ಹೊರಹಾಕುವುದು, ವಿಷಯ ಇಷ್ಟೇ. ಆದರೆ ಅದೇ ಪುಟ ಡೀಲರ್ ತರಬೇತಿಗೂ ಬೇಕು, ಕೃಷಿ ಮೇಳದ ಮಳಿಗೆಗೂ ಬೇಕು, ಪೆಟ್ಟಿಗೆಯೊಳಗಿನ ಕೈಪಿಡಿಗೂ ಬೇಕು. ಇದಕ್ಕೆಲ್ಲ ನಾವು ನಂಬಿರುವುದು ಗೂಗಲ್ ಸ್ಲೈಡ್ಸ್ ಮತ್ತು ಡ್ರೈವ್ ಎರಡನ್ನೇ.

ಮೂಲ ಫೈಲಿನಿಂದ ಸ್ಲೈಡನ್ನು ಕಾಪಿ ಮಾಡಿ ಇನ್ನೊಂದರಲ್ಲಿ ಪೇಸ್ಟ್ ಮಾಡುವಾಗ ಮೂಲದ ಜತೆ ಲಿಂಕ್ ಇಡಬೇಕೇ ಎಂದು ಕೇಳುತ್ತದೆ. ಹೂಂ ಅಂದರೆ, ಮುಂದೆ ಮೂಲದಲ್ಲಿ ಏನೇ ತಿದ್ದಿದರೂ ಅಲ್ಲಿ ‘ಅಪ್‌ಡೇಟ್’ ಬಟನ್ ಬರುತ್ತದೆ. ಟೂಲ್ಸ್ ಮೆನುವಿನ ‘ಲಿಂಕ್ಡ್ ಆಬ್ಜೆಕ್ಟ್ಸ್’ಗೆ ಹೋದರೆ ಆ ಫೈಲಿನವೆಲ್ಲ ಒಟ್ಟಿಗೇ ಹೊಸದಾಗುತ್ತವೆ. ಆದರೆ ತಾನಾಗಿ ಏನೂ ಆಗುವುದಿಲ್ಲ, ಪ್ರತಿ ಫೈಲನ್ನೂ ತೆರೆದು ಒತ್ತಲೇಬೇಕು. ಯಾವ ಸ್ಲೈಡು ಎಲ್ಲೆಲ್ಲಿದೆ ಎಂದು ಶೀಟಿನಲ್ಲಿ ನಾವೇ ಬರೆದಿಟ್ಟುಕೊಂಡಿದ್ದೇವೆ. ಆ ಶೀಟಿಲ್ಲದಿದ್ದರೆ ಈ ಸೌಲಭ್ಯ ಅರ್ಧ ದಂಡ. ಇನ್ನೊಂದು ಎಚ್ಚರಿಕೆ: ಲಿಂಕ್ ಆದ ಪ್ರತಿಯಲ್ಲೇ ಯಾರಾದರೂ ಅಕ್ಷರ ತಿದ್ದಿದ್ದರೆ, ಅಪ್‌ಡೇಟ್ ಒತ್ತಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ.

ನನಗೆ ನಿಜಕ್ಕೂ ಉಪಕಾರವಾದದ್ದು ಡ್ರೈವ್‌ನ ‘ಮ್ಯಾನೇಜ್ ವರ್ಶನ್ಸ್’. ಸ್ಲೈಡುಗಳಿಂದ ಮಾಡಿದ ಪಿಡಿಎಫ್‌ನ ಹೊಸ ಆವೃತ್ತಿಯನ್ನು ಅದೇ ಜಾಗಕ್ಕೆ ಏರಿಸಿದರೆ ಲಿಂಕ್ ಬದಲಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಒಮ್ಮೆ ಅಚ್ಚಾದ ಕ್ಯೂಆರ್ ಕೋಡ್ ಹಾಗೇ ಇರುತ್ತದೆ, ಸ್ಕ್ಯಾನ್ ಮಾಡಿದವರಿಗೆ ಹೊಸ ಪುಟ ಸಿಗುತ್ತದೆ. ಹಳೆಯ ಆವೃತ್ತಿಗಳು 30 ದಿನ ಕಳೆದ ಮೇಲೆ ಅಥವಾ 100 ಆವೃತ್ತಿ ದಾಟಿದ ಮೇಲೆ ಅಳಿಸಿಹೋಗಬಹುದು. ಬೇಕಾದದ್ದನ್ನು ‘ಕೀಪ್ ಫಾರೆವರ್’ ಎಂದು ಗುರುತಿಸಿಡಿ.

ಹೊಸದನ್ನು ಹಾಕಿ ಹಳೆಯದನ್ನು ಅಳಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ಫಿಲ್ಟರಿನ ತಿರುಪಿನ ಮುಚ್ಚಳ ಹೋಗಿ ಕ್ಲ್ಯಾಂಪ್ ಬಂದಾಗ ಮೂಲ ಸ್ಲೈಡಿನ ಫೋಟೋ ಬದಲಾಯಿತು, ಎಲ್ಲ ಕಡೆಯೂ ಹೊಸದಾಯಿತು. ಅಥಣಿ ಕಡೆಯ ಡೀಲರೊಬ್ಬರ ಫೋನ್ ಬಂತು: “ಸರ್, ನಮ್ಮ ರೈತರ ಹೊಲದಾಗ ಇನ್ನೂ ತಿರುಪಿನ ಮುಚ್ಚಳದ್ದೇ ಅದಾವ್ರೀ, ನಿಮ್ಮ ಚಿತ್ರದಾಗ ಕ್ಲ್ಯಾಂಪ್ ಐತಲ್ಲ?” ಅವರು ಕೇಳಿದ್ದು ಸರಿ. ಮಾರಾಟದಲ್ಲಿ ಹಳೆ ಮಾದರಿ ನಿಂತರೂ ಹೊಲದಲ್ಲಿ ವರ್ಷಗಟ್ಟಲೆ ಇರುತ್ತದೆ. ಈಗ ಮಾದರಿಗೊಂದು ಸ್ಲೈಡು, ಹಳೆಯದಕ್ಕೆ ಅದರದೇ ಕ್ಯೂಆರ್. ತಿದ್ದುವುದಕ್ಕೆ ಮೊದಲು ಕೇಳಿಕೊಳ್ಳುವುದು ಇಷ್ಟೇ: ಬದಲಾದದ್ದು ನಮ್ಮ ವಿವರಣೆಯೋ, ವಸ್ತುವೋ? ವಿವರಣೆಯಾದರೆ ಮೂಲವನ್ನು ತಿದ್ದುತ್ತೇವೆ, ವಸ್ತುವಾದರೆ ಹೊಸ ಸ್ಲೈಡ್ ಮಾಡುತ್ತೇವೆ.

ಕನ್ನಡ ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಸಾಕು, ಒತ್ತಕ್ಷರ ಒಡೆದಿಲ್ಲ. ಕನ್ನಡ, ಮರಾಠಿ ಸ್ಲೈಡುಗಳನ್ನು ಮಾತ್ರ ಬೇರೆ ಬೇರೆಯಾಗಿಯೇ ತಿದ್ದಬೇಕು. ಒಂದು ಫೋಟೋ ಬದಲಾದರೆ ಎರಡರಲ್ಲೂ ಕೈಯಾರೆ ಹಾಕಬೇಕು, ಸ್ವಲ್ಪ ಬೇಜಾರಿನ ಕೆಲಸ. ವಾಟ್ಸಾಪ್‌ನಲ್ಲಿ ಹೋದ ಪಿಡಿಎಫ್ ಮತ್ತೆ ತಿದ್ದಲು ಕೈಗೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಪುಟದ ಮೂಲೆಯಲ್ಲಿ ತಿಂಗಳು, ವರ್ಷ ಹಾಕುತ್ತೇವೆ.

ಸಣ್ಣ ತಂಡಕ್ಕೆ ಇದು ಸಾಕು, ಐದಕ್ಕೆ ನಾಲ್ಕು ಅಂಕ. ವಿಡಿಯೋ ಹೆಚ್ಚಿದ್ದವರ ಪಾಡು ಬೇರೆ: ಯೂಟ್ಯೂಬ್‌ನಲ್ಲಿ ಅದೇ ಲಿಂಕಿಗೆ ಬೇರೆ ವಿಡಿಯೋ ಕೂರಿಸಲು ಬರುವುದಿಲ್ಲ. ಪೆಟ್ಟಿಗೆಯ ಕ್ಯೂಆರ್‌ಗೆ ವಿಡಿಯೋ ಲಿಂಕ್ ನೇರವಾಗಿ ಕೊಡದೆ, ಮೇಲೆ ಹೇಳಿದ ಪಿಡಿಎಫ್ ಮೂಲಕವೇ ಕೊಡಿ.