ಕಬ್ಬಿನ ಗದ್ದೆಯ ಇರುಳು ಕಾವಲು: ಕ್ಲಿಪ್-ಆನ್ ಥರ್ಮಲ್ಲೋ, ಮಾನೋಕ್ಯುಲರ್ರೋ?

ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ, ಕಾಡುಹಂದಿಯ ಸುಳಿವು ದೂರದಿಂದಲೇ ತಿಳಿಯಬೇಕೆನ್ನುವ ರೈತರಿಗೆ ನಾನು ಹೇಳುವುದು ಪ್ರಾಣಿಯ ಮೈಶಾಖವನ್ನು ಚಿತ್ರವಾಗಿ ತೋರಿಸುವ, ಕೈಯಲ್ಲಿ ಹಿಡಿದು ಒಂದೇ ಕಣ್ಣಿನಿಂದ ನೋಡುವ ಥರ್ಮಲ್ ಮಾನೋಕ್ಯುಲರನ್ನೇ. ಬದುವಿನ ಮೇಲೆ ನಿಂತು ಸುತ್ತ ಕಣ್ಣಾಡಿಸಲು ಅಗಲ ನೋಟ ಬೇಕು, ಅದು ಇದರಲ್ಲಿದೆ.

ಕ್ಲಿಪ್-ಆನ್ ಸಹ ಮಾನೋಕ್ಯುಲರಿನಂತೆಯೇ 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಶಾಖಕಿರಣವನ್ನು ಗ್ರಹಿಸುತ್ತದೆ. ಆದರೆ ಅದನ್ನು ಹಗಲು ದುರ್ಬೀನಿನ ಮುಂದಿನ ಮಸೂರಕ್ಕೆ ತೊಡಿಸಬೇಕು, ಅಡಾಪ್ಟರಿನ ಅಳತೆ ಕೂಡಬೇಕು. ಅದರೊಳಗಿನ ಪುಟ್ಟ ಪರದೆಯನ್ನೇ ದುರ್ಬೀನು ಹಿಗ್ಗಿಸುವುದರಿಂದ, 384×288 ಪಿಕ್ಸೆಲ್‌ಗಳ (ಚಿತ್ರದ ಚುಕ್ಕಿಗಳ) ಸೆನ್ಸರಿನಲ್ಲಿ ವರ್ಧನೆ ಏರಿಸಿದಷ್ಟೂ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. 640×512 ವಾಸಿ, ಬೆಲೆ ಮಾತ್ರ ಬಹಳ ಹೆಚ್ಚು. ಒಳ್ಳೆಯ ದುರ್ಬೀನು ಈಗಾಗಲೇ ಇರುವ ಪ್ರಾಣಿವೀಕ್ಷಕರು ಕೊಳ್ಳಬಹುದು. ಬಂದೂಕಿಗೆಂದು ಬೇಡವೇ ಬೇಡ. ಚಿರತೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ದಟ್ಟ ಕಬ್ಬಿನ ಮರೆಯಲ್ಲಿರುವುದು ಎರಡರಲ್ಲೂ ಕಾಣದು. ಗಾಜು ಶಾಖಕಿರಣವನ್ನು ತಡೆಯುವುದರಿಂದ ಜೀಪಿನ ಗಾಜು ಇಳಿಸಿಯೇ ನೋಡಬೇಕು.