ವಿಮಾನದ ಹಾದಿ ಅಳೆಯಲು ಯಾವುದು ಸೈ: ಮಡಿಕೇರಿಯ ಆಂಟೆನಾ, ಓಪನ್‌ಸ್ಕೈ, ಇಲ್ಲ ಚಂದಾ ತಾಣ?

ಬೆಂಗಳೂರಿನಿಂದ ಕಣ್ಣೂರಿಗೆ ನೇರ ಗೆರೆ ಎಳೆದರೆ ಗೋಣಿಕೊಪ್ಪದ ಪಕ್ಕದಲ್ಲೇ ಹಾಯುತ್ತದೆ. ಉದ್ದ ಸುಮಾರು 275 ಕಿ.ಮೀ. ವಿಮಾನ ಹಾರಿದ ದೂರ ಇದಕ್ಕಿಂತ ಎಷ್ಟು ಹೆಚ್ಚು ಎನ್ನುವುದೇ ಸಂಚಾರದ ದಕ್ಷತೆಗೆ ಮೊದಲ ಅಳತೆ. ಲೆಕ್ಕ ಸುಲಭ, ಎಡವುವುದು ದತ್ತಾಂಶದಲ್ಲಿ.

ವಿಮಾನಗಳ ಸಂಕೇತ ಹಿಡಿಯುವ ಸ್ವಂತ ರಿಸೀವರ್ ಅಗ್ಗ: ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ), ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ವಿಮಾನಗಳು ಸಾರುವ 1090 ಮೆಗಾಹರ್ಟ್ಸ್‌ಗೆ 6.9 ಸೆಂ.ಮೀ. ತಂತಿ. ವಿಮಾನ ಸೆಕೆಂಡಿಗೆ ಸುಮಾರು ಎರಡು ಸಲ ತನ್ನ ಸ್ಥಾನ ಸಾರುವುದರಿಂದ ಬಿಂದುಗಳಿಗೆ ಬರವಿಲ್ಲ. ಕೇಬಲ್ಲಿಗೆ ಆರ್‌ಜಿ-58 ಬೇಡ, 10 ಮೀಟರಿನಲ್ಲೇ ಐದಾರು ಡೆಸಿಬಲ್ ನುಂಗುತ್ತದೆ; ಡಿಶ್ ಟಿವಿಯ ಆರ್‌ಜಿ-6 ಸಾಕು. ಮಳೆಗಾಲದಲ್ಲಿ ಕನೆಕ್ಟರ್‌ಗೆ ನೀರಿಳಿಯುವುದೇ ದೊಡ್ಡ ಕಾಟ, ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ತೋಟದ ಸಿಲ್ವರ್ ಓಕ್‌ಗಿಂತ ಆಂಟೆನಾ ತಗ್ಗಿದ್ದರೆ ಒದ್ದೆ ಎಲೆಗಳೂ ಸಿಗ್ನಲ್ ತಿನ್ನುತ್ತವೆ.

ಮಡಿಕೇರಿ 1,150 ಮೀಟರ್ ಎತ್ತರದಲ್ಲಿದೆ ಎಂದು ಹಿಗ್ಗಬೇಡಿ. ಬೆಂಗಳೂರಿನ ಪ್ರಸ್ಥಭೂಮಿಯೇ 900 ಮೀಟರ್ ಇರುವುದರಿಂದ ಆ ದಿಕ್ಕಿಗೆ ನಿಜವಾದ ಲಾಭ 250 ಮೀಟರ್ ಮಾತ್ರ. 230 ಕಿ.ಮೀ. ದೂರದ ಕೆಂಪೇಗೌಡ ನಿಲ್ದಾಣದ ಮೇಲೆ ಸಮುದ್ರಮಟ್ಟದಿಂದ ಸುಮಾರು 8,000 ಅಡಿಗಿಂತ ಕೆಳಗಿನದ್ದು ಕಾಣುವುದಿಲ್ಲ. ಕಣ್ಣೂರಿಗೆ ಇಳಿಯುವುದು ತಡಿಯಂಡಮೋಳ್ ಬೆಟ್ಟಸಾಲಿನ ಹಿಂದೆ ಮರೆಯಾಗುತ್ತದೆ. ಮೇಲಿನಿಂದ ಹಾದುಹೋಗುವ ವಿಮಾನಗಳಿಗೆ ಇದು ಬಹಳ ಚೆಂದ, ಇಳಿಯುವ ಹಂತದ ಲೆಕ್ಕಕ್ಕೆ ಆಗದು.

ಹಲವರ ರಿಸೀವರ್‌ಗಳ ದತ್ತಾಂಶ ಕೂಡಿಸುವ ಓಪನ್‌ಸ್ಕೈ ಜಾಲದಲ್ಲಿ ಎರಡೂ ತುದಿ ಸಿಗಬಹುದು, ಆದರೆ ಸ್ವಯಂಸೇವಕರ ಆಂಟೆನಾ ಇರುವಲ್ಲಿ ಮಾತ್ರ. ಸಿಗ್ನಲ್ ಕಡಿದ ಮೇಲೂ ಹಳೆಯ ಸ್ಥಾನವೇ ಸ್ವಲ್ಪ ಹೊತ್ತು ಮರುಕಳಿಸುತ್ತದೆ. ಕೊನೆಯ ಸ್ಥಾನ 15 ಸೆಕೆಂಡಿಗಿಂತ ಹಳತಾದ ಸಾಲುಗಳನ್ನು ಕಿತ್ತುಹಾಕಿ. ಖಾಲಿ ಜಾಗವನ್ನು ನೇರ ಗೆರೆಯಿಂದ ಜೋಡಿಸಿದರೆ ಸುತ್ತು ಮಾಯವಾಗಿ ದಕ್ಷತೆ ಸುಳ್ಳೇ ಏರುತ್ತದೆ. ಬೇರೆ ದತ್ತಾಂಶದಿಂದ ತುಂಬಲಾಗದಿದ್ದರೆ ಆ ಹಾರಾಟವನ್ನೇ ಕೈಬಿಡುವುದು ಮೇಲು.

ಹಣ ಕೊಟ್ಟು ವಿಮಾನಗಳ ಹಾದಿ ನೋಡುವ ಚಂದಾ ತಾಣ ಕಣ್ಣಿಗೆ ಹಬ್ಬ, ಅಳತೆಗೆ ಅಪಾಯ. ಇಳಿಸಿಕೊಂಡ ಕಡತದಲ್ಲಿ ನಿಮಿಷಕ್ಕೊಂದೇ ಬಿಂದುವಿದ್ದರೆ ಏನಾಗುತ್ತದೆ ನೋಡಿ: ಹೋಲ್ಡಿಂಗ್‌ನಲ್ಲಿರುವ, ಅಂದರೆ ಇಳಿಯಲು ಸರದಿ ಕಾಯುತ್ತಾ ಸುತ್ತುವ ವಿಮಾನ ತಿರುವಿನಲ್ಲಿ ಸೆಕೆಂಡಿಗೆ 3 ಡಿಗ್ರಿ ತಿರುಗುತ್ತಾ, ತಲಾ ಒಂದು ನಿಮಿಷದ ಎರಡು ತಿರುವು, ಎರಡು ನೇರ ಓಟ ಸೇರಿ ನಾಲ್ಕು ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ. 230 ನಾಟ್ (ಗಂಟೆಗೆ ಸುಮಾರು 426 ಕಿ.ಮೀ.) ವೇಗದಲ್ಲಿ ಅದು 28 ಕಿ.ಮೀ. ನಿಮ್ಮ ನಾಲ್ಕು ಬಿಂದುಗಳು ತಿರುವುಗಳ ತುದಿಗೆ ಬಿದ್ದರೆ ಸಿಗುವುದು 23. ಸುತ್ತಿಗೆ ಐದು ಕಿ.ಮೀ. ಖೋತಾ. ಹಾಗಾಗಿ ಯಾವ ಹಾರಾಟ ನೋಡಬೇಕೆಂದು ಆರಿಸಲಷ್ಟೇ ಇದನ್ನು ಬಳಸಿ. ಅಳತೆಗೆ ಓಪನ್‌ಸ್ಕೈ, ಕೊಡಗಿನ ಮೇಲಿನ ಖಾಲಿ ಜಾಗಕ್ಕೆ ಸ್ವಂತ ದತ್ತಾಂಶ ತುಂಬಿ, ಎರಡನ್ನೂ 5 ಸೆಕೆಂಡಿನ ಅಂತರಕ್ಕೆ ತಂದುಕೊಳ್ಳಿ.

ರೂಢಿಯಂತೆ ಎರಡೂ ನಿಲ್ದಾಣಗಳ ಸುತ್ತ 40 ನಾಟಿಕಲ್ ಮೈಲಿ (ಸುಮಾರು 74 ಕಿ.ಮೀ.) ಬಿಟ್ಟರೆ ಕಣ್ಣೂರು ಮಾರ್ಗದಲ್ಲಿ ಉಳಿಯುವುದು ಬರೀ 127 ಕಿ.ಮೀ. ಅಲ್ಲಿ 10 ಕಿ.ಮೀ. ಹೆಚ್ಚು ಸುತ್ತಿದರೆ ಶೇ. 8, ಅದೇ ಹತ್ತು ದೆಹಲಿ–ಬೆಂಗಳೂರು ಹಾದಿಯಲ್ಲಿ ಶೇ. 1 ಕೂಡ ಆಗದು. ಗಿಡ್ಡ ಮಾರ್ಗಗಳನ್ನು ಶೇಕಡಾದಲ್ಲಿ ಹೋಲಿಸದೆ ಕಿ.ಮೀ. ಮತ್ತು ನಿಮಿಷದಲ್ಲೇ ಬರೆದಿಡಿ.